ಕುತ್ತಿಗೆ ನೋಡಿ ಎಂದ ಡಾಕ್ಟ್ರಮ್ಮ

ನಮ್ಮ ಡಾಕ್ಟ್ರಮ್ಮ ಕಳೆದ ತಿಂಗಳ ಕೊನೆಯ ದಿನ ನಿವೃತ್ತರಾದರು. ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ ಎಂದು ಕೇಳಿದಾಗ, "ಬರಿ, ಹೆಸರು ಮಾತ್ರ ಹಾಕ್ಬೇಡ" ಎಂದರು. ಹಾಗಾಗಿ ಹೆಸರು ಹಾಕಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ದನ ಕಟ್ಟಿದವರಿಗೆ ಹೆಸರಿನ ಅಗತ್ಯವೂ ಇಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಭುಜದವರೆಗೆ ಕೈಯನ್ನು ಹಸುವಿನ ಹೊಟ್ಟೆಯೊಳಗೆ ಇಳಿಬಿಟ್ಟು ಮನೆಯವರ ಯೋಗಕ್ಷೇಮ ವಿಚಾರಿಸುತ್ತಾ ನಿಂತ ಹೆಂಗಸು ನಮ್ಮ ಸುತ್ತಿನಲ್ಲಿ ಆಗ ಅವರೊಬ್ಬರೇ.

ನಾನು ಅಜ್ಜಂಪುರದ ಪಶು ಆಸ್ಪತ್ರೆಗೆ ಪರಿವೀಕ್ಷಕನಾಗಿ ಸೇರಿದಾಗ ನನಗೆ ಇಪ್ಪತ್ತಾರು. ಅವರಿಗೆ ನಲವತ್ತೆರಡೋ ನಲವತ್ತಮೂರೋ. ಅವರು ಹುಟ್ಟಿದ್ದು ಸಖರಾಯಪಟ್ಟಣದ ಹತ್ತಿರದ ಬೇಸಾಯದ ಮನೆಯಲ್ಲಿ. ಗಂಡ ಕಡೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಮನೆ ಅಲ್ಲೇ. ದಿನಾ ಬೆಳಿಗ್ಗೆ ಕಡೂರಿನಿಂದ ರೈಲು ಹತ್ತಿ ಅಜ್ಜಂಪುರಕ್ಕೆ ಬರುತ್ತಿದ್ದರು. ರೈಲು ತಪ್ಪಿದರೆ ಬಸ್ಸು, ಬಸ್ಸೂ ತಪ್ಪಿದರೆ ಈರುಳ್ಳಿ ಲಾರಿ. ಲಾರಿಯಿಂದ ಇಳಿದು ಬಂದ ದಿನ ಡ್ರೈವರನ ಮನೆಯಲ್ಲಿ ಎಷ್ಟು ದನ ಇವೆ, ಯಾವುದು ಗಬ್ಬ ನಿಂತಿಲ್ಲ ಎಂಬ ಮಾಹಿತಿಯೂ ಜೊತೆಗೆ ಬರುತ್ತಿತ್ತು.

ಮೊದಲ ದಿನ ನನ್ನನ್ನು ಅವರು ಪರೀಕ್ಷೆ ಮಾಡಿದ ರೀತಿ ಹೇಳಬೇಕು. ಕರು ಹಾಕಿ ಇಪ್ಪತ್ತು ದಿನವಾದ ಒಂದು ಹಸು ಮೇವು ಬಿಟ್ಟಿತ್ತು. ನಾನು ಜ್ವರ ನೋಡಿದೆ, ಹೊಟ್ಟೆಗೆ ಕಿವಿ ಇಟ್ಟೆ, ಓದಿಕೊಂಡಿದ್ದ ನಾಲ್ಕೈದು ರೋಗಗಳ ಹೆಸರು ಹೇಳಿದೆ. ಅವರು ತಲೆಯಾಡಿಸಿ, ಅದರ ಬಾಯಿ ಮೂಸಿ ನೋಡು ಎಂದರು. ನಾನು ತಮಾಷೆ ಅಂದುಕೊಂಡೆ. ತಮಾಷೆಯಲ್ಲ ಎಂದು ಅವರ ಮುಖ ನೋಡಿ ಗೊತ್ತಾಯಿತು. ಮೂಗು ಹತ್ತಿರ ತಂದರೆ ಹಸುವಿನ ಉಸಿರು ಮಾಗಿದ ಹಣ್ಣಿನ ಹಾಗೆ ಸಿಹಿಯಾಗಿ ಬರುತ್ತಿತ್ತು. ಹಾಲಿಗೆ ಬೇಕಾದಷ್ಟು ಮೇವು ಸಾಲದೆ ಹಸು ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತಿದೆ, ಆ ವಾಸನೆ ಅದರದ್ದು ಎಂದು ವಿವರಿಸಿ, ರಕ್ತನಾಳಕ್ಕೆ ಗ್ಲೂಕೋಸು ಕೊಡಿಸಿದರು. ಸಂಜೆಗೆ ಹಸು ಮೇವಿಗೆ ಬಾಯಿ ಹಾಕಿತು. ಆಮೇಲೆ ತಿಂಗಳುಗಟ್ಟಲೆ ನಾನು ಕಂಡ ದನದ ಬಾಯನ್ನೆಲ್ಲ ಮೂಸಿದ್ದೇನೆ.

ಜನರೊಂದಿಗೂ ಅವರದು ಹೀಗೇ ನೇರ. ಒಮ್ಮೆ ಒಬ್ಬ ದೊಡ್ಡ ಗೌಡರು ಮಾತು ಮಾತಿಗೂ ನನ್ನ ಕಡೆ ತಿರುಗಿ, ಗಂಡು ಡಾಕ್ಟ್ರು ಯಾವಾಗ ಬರ್ತಾರೆ ಎಂದು ಕೇಳುತ್ತಿದ್ದರು. ಡಾಕ್ಟ್ರಮ್ಮ ಕೋಪ ಮಾಡಿಕೊಳ್ಳಲಿಲ್ಲ. ಗೌಡರಿಗೆ ಬಾಲ ಹಿಡಿದುಕೊಳ್ಳಲು ಹೇಳಿ, ತಾವು ಅಡ್ಡ ಸಿಕ್ಕಿದ್ದ ಕರುವನ್ನು ಮುಕ್ಕಾಲು ಗಂಟೆ ಹೆಣಗಿ ಹೊರಗೆ ತೆಗೆದರು. ಅಷ್ಟು ಹೊತ್ತೂ ಗೌಡರ ಬಿಳಿ ಪಂಚೆಯ ಮೇಲೆ ಏನೇನು ಬೀಳಬೇಕೋ ಅದೆಲ್ಲ ಬಿತ್ತು. ಮುಂದಿನ ವರ್ಷ ಅದೇ ಗೌಡರು ಅವರ ವರ್ಗಾವಣೆ ತಡೆಯಲು ಮೂರು ಊರಿನವರನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗಿದ್ದರು.

ತರೀಕೆರೆಯಲ್ಲಿ ಎಮ್ಮೆ ಸಾಕಿದ್ದ ಒಬ್ಬ ಮುಸ್ಲಿಂ ಹೆಂಗಸಿದ್ದರು. ಅವರ ಮನೆಯಲ್ಲಿ ದಖನಿ ಉರ್ದು ಮಾತು. ಡಾಕ್ಟ್ರಮ್ಮ ಆ ಭಾಷೆಯನ್ನು ತಪ್ಪು ತಪ್ಪಾಗಿ, ಒಂದಿಷ್ಟೂ ಅಳುಕಿಲ್ಲದೆ ಆಡುತ್ತಿದ್ದರು. ಕೋಣವನ್ನು ಹೆಣ್ಣು ಮಾಡಿ, ಎಮ್ಮೆಯನ್ನು ಗಂಡು ಮಾಡಿ ಮಾತಾಡಿದರೆ ಆ ಮನೆಯ ಮಕ್ಕಳೆಲ್ಲ ಬಾಗಿಲ ಹಿಂದೆ ನಗುತ್ತಿದ್ದರು. ತಪ್ಪಾಡುವುದಕ್ಕೆ ಹೆದರಿದರೆ ಏನೂ ಆಡೋಕಾಗಲ್ಲ ಎನ್ನುವುದು ಅವರ ವಾದ.

ಒಂದು ಹಸುವಿನ ವಿಷಯ ಮಾತ್ರ ಬಿಡಿಸಿ ಹೇಳಬೇಕು, ಮುಂದಿನದಕ್ಕೆ ಅದು ಬೇಕು. ಆ ಹಸುವಿನ ಎಡಗಣ್ಣಿನ ರೆಪ್ಪೆ ಇಳಿಬಿದ್ದಿತ್ತು. ಮನೆಯವರು ಕಣ್ಣಿಗೆ ಮುಲಾಮು ಹಚ್ಚಿ ಹಚ್ಚಿ ಸುಸ್ತಾಗಿದ್ದರು. ಡಾಕ್ಟ್ರಮ್ಮ ಕಣ್ಣನ್ನು ಅರೆಗಳಿಗೆ ನೋಡಿ, ಮೂತಿಯ ಮೇಲೆ ಬೆರಳಾಡಿಸಿದರು. ಆರೋಗ್ಯವಾಗಿರುವ ಹಸುವಿನ ಮೂತಿಯ ಮೇಲೆ ಯಾವಾಗಲೂ ಸಣ್ಣ ಬೆವರ ಹನಿ ಇರುತ್ತದೆ. ಇದರ ಮೂತಿಯ ಬಲಗಡೆ ಒದ್ದೆ, ಎಡಗಡೆ ಒಣಗಿದ ಚರ್ಮ, ನಡುವೆ ಗೆರೆ ಎಳೆದ ಹಾಗೆ. ಎಡಗಿವಿ ಬಿಸಿ. ಯಾರಾದರೂ ಕುತ್ತಿಗೆಗೆ ಇಂಜೆಕ್ಷನ್ ಕೊಟ್ಟರಾ ಎಂದು ಕೇಳಿದರು. ಕೊಟ್ಟಿದ್ದು ಹೌದು, ಯಾರೋ ಅರೆಬರೆ ಕಲಿತವನು. ಸೂಜಿ ರಕ್ತನಾಳ ತಪ್ಪಿ, ಔಷಧಿ ಆಚೆ ಸೋರಿ ಊದಿಕೊಂಡಿತ್ತು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಂತೆ ಒಂದು ನರ ಓಡುತ್ತದೆ, ಅದಕ್ಕೆ ಪೆಟ್ಟಾದರೆ ರೆಪ್ಪೆ ಇಳಿಯುತ್ತದೆ, ಕಣ್ಣಿನ ಕಪ್ಪು ಬೊಟ್ಟು ಚಿಕ್ಕದಾಗುತ್ತದೆ, ಆ ಬದಿ ಬೆವರುವುದಿಲ್ಲ ಎಂದು ನನಗೆ ಕೊಟ್ಟಿಗೆಯ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ನಾನು ಆಯ್ತು ಮೇಡಂ ಎಂದೆ. ನಿಜ ಹೇಳಬೇಕೆಂದರೆ ಅರ್ಧ ಮರೆತೂಬಿಟ್ಟೆ.

ಒಂದು ಸೋಮವಾರ ಶಿವನಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಎಮ್ಮೆಯ ಗಂಟಲಲ್ಲಿ ಗೆಡ್ಡೆ ಸಿಕ್ಕಿಕೊಂಡಿತ್ತು. ಅದರ ಮೂತಿಯನ್ನು ಮೇಲೆತ್ತಿ ಹಿಡಿದು, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ಡಾಕ್ಟ್ರಮ್ಮ ಗಂಟಲು ತಡವುತ್ತಿದ್ದರು. ಎಮ್ಮೆ ಒಂದೇ ಸಲ ತಲೆ ಕೊಡವಿತು. ಸುತ್ತಿದ ಹಗ್ಗ ಬಿಡಲಿಲ್ಲ. ಅವರ ಮೈ ಒಂದು ಕಡೆ, ತಲೆ ಒಂದು ಕಡೆ ಹೋದ ಹಾಗೆ ಕಂಡಿತು ನನಗೆ. ಬೀಳಲಿಲ್ಲ, ಗಾಯವೂ ಇಲ್ಲ. ಕುತ್ತಿಗೆ ಒಮ್ಮೆ ಸವರಿಕೊಂಡು, ಗೆಡ್ಡೆಯನ್ನು ಕೆಳಗೆ ಜಾರಿಸಿಯೇ ಕೈ ತೊಳೆದರು. ಎಮ್ಮೆಯ ಯಜಮಾನ, ಅರವತ್ತು ದಾಟಿದ ಹಿರಿಯ, ಗಾಬರಿಯಾಗಿ ನೀರು ತಂದು ಕೊಟ್ಟರು. ಎಮ್ಮೆಗೆ ಕೊಡಿ, ಅದು ಜಾಸ್ತಿ ಹೆದರಿದೆ ಎಂದು ಡಾಕ್ಟ್ರಮ್ಮ ನಕ್ಕರು.

ಮರುದಿನದಿಂದ ಅವರಿಗೆ ಎಡಗಡೆ ಕುತ್ತಿಗೆ ನೋವು ಶುರುವಾಯಿತು. ಕಿವಿಯ ಕೆಳಗಿನಿಂದ ಹತ್ತಿ ಕಣ್ಣಿನ ಹಿಂದಕ್ಕೆ ಹೋಗುವಂಥ ನೋವು. ಉಳುಕು ಅಂದುಕೊಂಡು ಮುಲಾಮು ಹಚ್ಚಿದರು, ಮಾತ್ರೆ ನುಂಗಿದರು. ಗುರುವಾರ ಊಟದ ಹೊತ್ತಿಗೆ ಒಂದು ಮಾತು ಹೇಳಿದ್ದು ನೆನಪಿದೆ. ಎಡಗಿವಿಯೊಳಗೆ ಯಾರೋ ಕುಲುಮೆಯ ತಿದಿ ಒತ್ತಿದ ಹಾಗೆ ಸುಯ್, ಸುಯ್ ಅನ್ನುತ್ತಿದೆ, ನಾಡಿ ಹಿಡಿದು ನೋಡಿದರೆ ಅದರ ತಾಳಕ್ಕೆ ಸರಿಯಾಗಿದೆ ಎಂದರು. ಗಾಳಿ ಹೊಕ್ಕಿರಬಹುದು ಮೇಡಂ ಎಂದು ನಾನು ವೈದ್ಯ ಹೇಳಿದೆ.

ನನ್ನ ಸೋದರಮಾವ ಬೀರೂರಿನಲ್ಲಿದ್ದರು. ರೈಲ್ವೆಯಲ್ಲಿ ಹಳಿ ಕೆಲಸ ಮಾಡಿ ನಿವೃತ್ತರಾದವರು. ಉಳುಕು ತೆಗೆಯುವುದರಲ್ಲಿ ಅವರ ಕೈ ಎಂದರೆ ಸುತ್ತ ಹತ್ತೂರಿಗೆ ನಂಬಿಕೆ. ಕಾಸು ಮುಟ್ಟುತ್ತಿರಲಿಲ್ಲ. ಕಾಲು ತಿರುಚಿದವರು, ಸೊಂಟ ಹಿಡಿದವರು, ಕತ್ತು ಹಿಡಿದವರು ದಿನಾ ಅವರ ಜಗುಲಿಯಲ್ಲಿ ಕೂತಿರುತ್ತಿದ್ದರು. ಡಾಕ್ಟ್ರಮ್ಮನನ್ನು ಅಲ್ಲಿಗೆ ಬರಲು ಒಪ್ಪಿಸಿದವನು ನಾನೇ. ಶುಕ್ರವಾರವಿಡೀ ಬೆನ್ನು ಬಿದ್ದೆ. ನೋವು ತಡೆಯದೆ ಅವರೂ ಆಗಲಿ ಎಂದರು. ಶನಿವಾರ ಮಧ್ಯಾಹ್ನ ಅಜ್ಜಂಪುರದಿಂದ ರೈಲಿನಲ್ಲಿ ಬಂದು ಬೀರೂರಿನಲ್ಲಿ ಇಳಿದೆವು.

ಮಾವ ಅವರನ್ನು ಮಣೆಯ ಮೇಲೆ ಕೂರಿಸಿದರು. ಎಣ್ಣೆ ಹಚ್ಚಿ ಹೆಗಲು ನೀವಿದರು. ಆಮೇಲೆ ಒಂದು ಕೈ ಗಲ್ಲಕ್ಕೆ, ಒಂದು ಕೈ ನೆತ್ತಿಯ ಹಿಂದಕ್ಕೆ ಕೊಟ್ಟು, ಮೈ ಸಡಿಲ ಬಿಡವ್ವ ಎಂದರು. ಎದುರಿನ ಕಂಬಕ್ಕೆ ಬಾಚಣಿಗೆ ಸಿಕ್ಕಿಸಿದ ಒಂದು ಕನ್ನಡಿ ತೂಗುಹಾಕಿತ್ತು. ಡಾಕ್ಟ್ರಮ್ಮನ ಕಣ್ಣು ಅದರ ಮೇಲೆ ಬಿತ್ತು. ಅವರು ಕೈಯೆತ್ತಿ ಮಾವನ ಮುಂಗೈ ಹಿಡಿದುಕೊಂಡರು.

"ಒಂದ್ನಿಮಿಷ ತಡೀರಿ ಅಣ್ಣಾ."

ಎದ್ದು ಹೋಗಿ ಕನ್ನಡಿಯ ಮುಂದೆ ನಿಂತರು. ನನ್ನನ್ನು ಒಳಗಿನ ಮಬ್ಬು ಕೋಣೆಗೆ ಕರೆದರು.

"ನನ್ನ ಎರಡೂ ಕಣ್ಣು ನೋಡು. ಎಡಗಣ್ಣಿನ ಬೊಟ್ಟು ಸಣ್ಣ ಇದೆಯಾ?"

ನೋಡಿದೆ. ಬಲಗಣ್ಣಿನ ಕಪ್ಪು ಬೊಟ್ಟು ಕತ್ತಲೆಗೆ ಅಗಲವಾಗಿ ಅರಳಿತ್ತು. ಎಡಗಣ್ಣಿನದು ಸಾಸಿವೆ ಕಾಳಿನಷ್ಟೇ ಇತ್ತು. ಮೇಲಿನ ರೆಪ್ಪೆ ಸ್ವಲ್ಪ, ಬಹಳ ಸ್ವಲ್ಪ, ಇಳಿದಿತ್ತು. ದಿನಾ ಜೊತೆಗಿದ್ದೂ ನನಗೆ ಕಂಡಿರಲಿಲ್ಲ. ಹೌದು ಮೇಡಂ ಎಂದೆ.

"ಮೂತಿ ಅರ್ಧ ಒಣಗಿದ್ದ ಹಸು ನೆನಪಿದೆಯೇನಪ್ಪಾ? ನಂದೂ ಅದೇ. ಉಳುಕಲ್ಲ ಇದು. ರಕ್ತನಾಳಕ್ಕೇ ಏನೋ ಆಗಿದೆ."

ಹೊರಗೆ ಬಂದು ಮಾವನಿಗೆ ಕೈಮುಗಿದು, ಈವತ್ತು ಬೇಡ ಎಂದರು. ಮಾವನಿಗೆ ಅವಮಾನವಾಯಿತು. ಜಗುಲಿಯಲ್ಲಿ ಇನ್ನೂ ನಾಲ್ಕು ಜನ ಕೂತು ನೋಡುತ್ತಿದ್ದರು. ಮೂವತ್ತು ವರ್ಷದಿಂದ ಈ ಕೈಯಲ್ಲಿ ಒಬ್ಬರಿಗೂ ಕೆಟ್ಟದಾಗಿಲ್ಲ ಎಂದು ಗಡಸಾಗಿಯೇ ಹೇಳಿದರು. ಡಾಕ್ಟ್ರಮ್ಮ, "ನಿಮ್ಮ ಕೈ ಮೇಲೆ ಅನುಮಾನ ಇಲ್ಲ ಅಣ್ಣಾ, ನನ್ನ ಕುತ್ತಿಗೆ ಮೇಲೆ" ಎಂದು ಹೇಳಿ ಮೆಟ್ಟಿಲಿಳಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಬೇಡದಿದ್ದರೆ ಮೊದಲೇ ಹೇಳಬಹುದಿತ್ತಲ್ಲ, ಎಣ್ಣೆ ಹಚ್ಚಿಸಿಕೊಂಡ ಮೇಲೆ ಏಳಬೇಕಿತ್ತೇ ಎಂದು ಒಳಗೊಳಗೇ ಕುದಿಯುತ್ತಾ ಹಿಂದೆ ನಡೆದೆ.

ಶಿವಮೊಗ್ಗದ ರೈಲು ಬರಲು ಸ್ವಲ್ಪವೇ ಹೊತ್ತಿತ್ತು. ಕಾರು ಹುಡುಕುವುದಕ್ಕಿಂತ ಇದೇ ಬೇಗ ಎಂದು ಲೆಕ್ಕ ಹಾಕಿ ಅವರೇ ಟಿಕೆಟ್ ತೆಗೆಸಿದರು. ಗಂಡನಿಗೆ ಫೋನು ಮಾಡಿ, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಶಿವಮೊಗ್ಗಕ್ಕೆ ಬಸ್ಸು ಹಿಡಿಯಿರಿ ಎಂದು ಪೇಟೆಗೆ ಬರಹೇಳುವ ದನಿಯಲ್ಲಿ ಹೇಳಿದರು. ರೈಲಿನಲ್ಲಿ ಟವೆಲನ್ನು ಕುತ್ತಿಗೆಗೆ ಸುತ್ತಿ ಅಲುಗಾಡದೆ ಕೂತರು. ತರೀಕೆರೆ ಹತ್ತಿರ ಬಂದಾಗ ಬ್ಯಾಗಿನಿಂದ ಲಸಿಕೆ ಪಟ್ಟಿಯ ಒಂದು ಹಾಳೆ ತೆಗೆದು, ಹಿಂಬದಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು. ಸೋಮವಾರ ಎಮ್ಮೆ ಎಳೆದದ್ದು. ಎಡ ಕುತ್ತಿಗೆ, ಎಡ ಕಣ್ಣಿನ ಹಿಂದೆ ನೋವು. ಎಡಗಿವಿಯಲ್ಲಿ ನಾಡಿಯ ಸದ್ದು. ಎಡ ರೆಪ್ಪೆ ಇಳಿದಿದೆ, ಎಡಗಣ್ಣಿನ ಬೊಟ್ಟು ಚಿಕ್ಕದು. ಕೊನೆಗೆ ದಪ್ಪ ಅಕ್ಷರದಲ್ಲಿ: ಕುತ್ತಿಗೆಯ ರಕ್ತನಾಳದ ಸ್ಕ್ಯಾನ್ ಮಾಡಿಸಬೇಕು.

ಇದು ಯಾಕೆ, ನೀವೇ ಹೇಳ್ತೀರಲ್ಲ ಎಂದೆ. ನಾನಿನ್ನೂ ಮುನಿಸಿನಲ್ಲೇ ಇದ್ದೆ.

"ನನ್ನ ಬಾಯಿ ನಿಂತೋದ್ರೆ ನೀನು ಹೇಳ್ಬೇಕು. ಓದು ಒಂದ್ಸಲ."

ಓದಿಸಿದರು. ಇನ್ನೊಮ್ಮೆ, ಕಾಗದ ಮಡಿಸಿಟ್ಟು ಬಾಯಲ್ಲಿ ಹೇಳಿಸಿದರು. ಎಡ ಎನ್ನುವ ಕಡೆ ನಾನು ಬಲ ಎಂದಾಗ ತಿದ್ದಿದರು. ಭದ್ರಾವತಿ ಬರುವ ಹೊತ್ತಿಗೆ ನನ್ನ ಮುನಿಸು ಇಳಿದಿತ್ತು, ಕೇಳದೆಯೇ ಇನ್ನೊಂದು ಸಲ ಒಪ್ಪಿಸಿದೆ. ಅವರು ಮಾತ್ರ ಕಿಟಕಿಯಾಚೆ ಮೇಯುತ್ತಿದ್ದ ದನಗಳನ್ನು ನೋಡಿ, ಆ ಕರಿ ಹಸುವಿನ ಹಿಂಗಾಲು ಸರಿಯಿಲ್ಲ ಎಂದರು.

ಶಿವಮೊಗ್ಗದಲ್ಲಿ ಒಂದು ಆಸ್ಪತ್ರೆಗೆ ಹೋದೆವು. ತುರ್ತು ವಿಭಾಗದಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರು. ತಾಳ್ಮೆಯಿಂದಲೇ ಕೇಳಿದರು. ಬಿಪಿ ಇಲ್ಲ, ಸಕ್ಕರೆ ಇಲ್ಲ, ಕೈಕಾಲು ಸರಿಯಾಗಿ ಆಡುತ್ತವೆ. ತಲೆಯ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಏನೂ ಇರಲಿಲ್ಲ. ಕುತ್ತಿಗೆಯ ಮೂಳೆ ಸವೆದಿರಬಹುದು, ನೋವಿನ ಮಾತ್ರೆ ಕೊಡ್ತೀನಿ, ಸೋಮವಾರ ಬಂದು ದೊಡ್ಡ ಡಾಕ್ಟರನ್ನು ಕಾಣಿ ಎಂದರು. ಡಾಕ್ಟ್ರಮ್ಮ ಒಪ್ಪಲಿಲ್ಲ. ತಲೆಯಲ್ಲ, ಕುತ್ತಿಗೆ ನೋಡಿ ಎಂದು ಶುರು ಮಾಡಿದರು. ಎರಡು ವಾಕ್ಯ ಚೆನ್ನಾಗಿಯೇ ಬಂತು. ಮೂರನೆಯದರಲ್ಲಿ ಕುತ್ತಿಗೆ ಎನ್ನುವ ಕಡೆ ಹಗ್ಗ ಎಂದರು. ಅವರಿಗೇ ತಪ್ಪೆನಿಸಿ ನಿಂತು, ಮತ್ತೆ ಹೇಳಲು ಹೋದರು. ಹಗ್ಗ, ಹಗ್ಗ ಎಂದೇ ಬಂತು. ಬಲಗೈ ಎತ್ತಿ ತೋರಿಸಲು ನೋಡಿದರೆ ಆ ಕೈ ಅರ್ಧಕ್ಕೆ ಬಂದು ತೊಡೆಯ ಮೇಲೆ ಬಿತ್ತು.

ಹೆದರಿಕೆಗೆ ಹೀಗಾಗುತ್ತೆ, ಸ್ವಲ್ಪ ಹೊತ್ತು ಮಲಗಿಸಿ ಎಂದರು ಆ ಡಾಕ್ಟರು, ನರ್ಸಿನ ಕಡೆ ತಿರುಗಿ.

ನಾನು ಆವರೆಗೆ ಯಾವ ಅಧಿಕಾರಿಯ ಮುಂದೆಯೂ ಎದುರು ಮಾತಾಡಿದವನಲ್ಲ. ಡಾಕ್ಟ್ರಮ್ಮ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ. ಪಾಠ ಒಪ್ಪಿಸು ಎಂದು ಕಾಯುವ ಮೇಷ್ಟ್ರ ನೋಟ ಅದು.

"ಹೆದರೋ ಹೆಂಗಸಲ್ಲ ಸಾರ್ ಅವರು. ಎಡಗಣ್ಣು ನೋಡಿ. ಲೈಟ್ ಆರಿಸಿ ನೋಡಿ, ಬೊಟ್ಟು ಎರಡೂ ಒಂದೇ ಸಮ ಇಲ್ಲ. ಎಡಗಡೆ ಕುತ್ತಿಗೆಗೆ ಪೆಟ್ಟು, ಈಗ ಬಲಗೈ ಬಿತ್ತು, ಮಾತು ಹೋಯ್ತು. ಕುತ್ತಿಗೆ ರಕ್ತನಾಳದ ಸ್ಕ್ಯಾನ್ ಮಾಡಿಸಿ."

ನೀವ್ಯಾರು, ಡಾಕ್ಟರಾ ಎಂದು ಅವರು ಕೇಳಿದರು.

"ದನದ ಆಸ್ಪತ್ರೆ ಪರಿವೀಕ್ಷಕ ಸಾರ್. ಹಸೂಗೆ ಹೀಗಾಗಿದ್ದು ನೋಡಿದೀನಿ."

ಅವರು ನಗಬಹುದಿತ್ತು. ನಗಲಿಲ್ಲ, ಅದು ಅವರ ದೊಡ್ಡತನ. ಲೈಟ್ ಆರಿಸಿ, ಟಾರ್ಚು ಹಿಡಿದು, ಎರಡೂ ಕಣ್ಣು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಅವರು ಓಡಿದ ರೀತಿ ಬೇರೆಯೇ ಇತ್ತು. ದೊಡ್ಡ ಡಾಕ್ಟರಿಗೆ ಫೋನು ಹೋಯಿತು, ಗಾಲಿ ಮಂಚ ಬಂತು, ಕುತ್ತಿಗೆಯ ರಕ್ತನಾಳಗಳಿಗೆ ಬಣ್ಣದ ಔಷಧಿ ಬಿಟ್ಟು ಸ್ಕ್ಯಾನ್ ಮಾಡಿದರು. ಮೇಷ್ಟ್ರು ಬಸ್ಸಿಳಿದು ಬರುವಷ್ಟರಲ್ಲಿ ಚಿಕಿತ್ಸೆ ಶುರುವಾಗಿತ್ತು.

ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಕುತ್ತಿಗೆಯ ಎರಡೂ ಪಕ್ಕದಲ್ಲಿ ಮೇಲೆ ಹೋಗುತ್ತದೆ. ಅದರ ಗೋಡೆ ಪದರ ಪದರವಾಗಿರುತ್ತದೆ. ಎಮ್ಮೆ ಎಳೆದ ರಭಸಕ್ಕೆ ಎಡಗಡೆ ನಾಳದ ಒಳಪದರ ಸೀಳಿ, ರಕ್ತ ಪದರಗಳ ನಡುವೆ ನುಗ್ಗಿ, ಗೋಡೆ ಊದಿಕೊಂಡಿದೆ. ಊದಿದ ಗೋಡೆ ಪಕ್ಕದ ನರವನ್ನು ಒತ್ತಿದ್ದಕ್ಕೆ ಕಣ್ಣು ಹಾಗಾದದ್ದು. ಸೀಳಿದ ಕಡೆ ಕಟ್ಟಿದ ಹೆಪ್ಪಿನ ಒಂದು ಚೂರು ಮೇಲೆ ಹೋಗಿ ಮೆದುಳಿನ ಸಣ್ಣ ಕವಲೊಂದನ್ನು ಮುಚ್ಚಿದೆ. ಲಕ್ವ ಅಂತೀರಲ್ಲ, ಅದೇ, ಆದರೆ ಈ ಕಾರಣಕ್ಕೆ ಬರುವುದು ಅಪರೂಪ, ಬಂದರೆ ವಯಸ್ಸಾಗದವರಿಗೂ ಬರುತ್ತದೆ ಎಂದರು. ಹೆಪ್ಪುಗಟ್ಟದ ಹಾಗೆ ಔಷಧಿ ಕೊಟ್ಟರೆ ಹರಿದ ಗೋಡೆ ತಿಂಗಳುಗಳಲ್ಲಿ ತಾನಾಗಿ ಕೂಡಿಕೊಳ್ಳುವುದೇ ಹೆಚ್ಚು. ಹೋದ ಮಾತೂ ಬಹುಮಟ್ಟಿಗೆ ಬರುತ್ತದೆ. ಕೊನೆಗೆ ಕೇಳಿದರು, ಯಾರಾದರೂ ಕತ್ತು ತಿರುಗಿಸಿದರಾ?

ಇಲ್ಲ ಎಂದೆ. ತಿರುಗಿಸಿದ್ದರೆ ಎಂದು ಕೇಳಲೇ ಇಲ್ಲ. ಹೊರಗೆ ಬಂದು ನಲ್ಲಿಯ ಕೆಳಗೆ ಮುಖವೊಡ್ಡಿ ಬಹಳ ಹೊತ್ತು ನಿಂತಿದ್ದೆ. ಶುಕ್ರವಾರವಿಡೀ ಬೆನ್ನು ಬಿದ್ದವನು ನಾನು.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಆ ಚಿಕ್ಕ ಡಾಕ್ಟರು ದಿನಾ ಬಂದು ಮಂಚದ ಬಳಿ ನಿಲ್ಲುತ್ತಿದ್ದರು. ಒಂದು ದಿನ ತಾವಾಗಿಯೇ, ನಾನು ನಿಮ್ಮನ್ನು ಮನೆಗೆ ಕಳಿಸಿಬಿಡುತ್ತಿದ್ದೆ ಎಂದರು. ಡಾಕ್ಟ್ರಮ್ಮನಿಗೆ ಆಗ ಹತ್ತಿಪ್ಪತ್ತು ಪದ ಮಾತ್ರ ಇತ್ತು. ಎಡಗೈಯಿಂದ ಅವರ ಮುಂಗೈ ತಟ್ಟಿ, "ನೋಡಿದ್ರಲ್ಲ" ಎಂದರು. ಅಷ್ಟೇ. ಕಡೆಗೂ ಲೈಟ್ ಆರಿಸಿ ನೋಡಿದಿರಲ್ಲ ಎಂದು ಅದರ ಅರ್ಥ ಅಂತ ನಾನು ತಿಳಿದುಕೊಂಡಿದ್ದೇನೆ.

ಮಾತು ಕಲಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಚಿತ್ರದ ಕಾರ್ಡು ತೋರಿಸಿ ಹೆಸರು ಹೇಳಿಸುವುದು ಅವಳ ಕೆಲಸ. ಕುರ್ಚಿ ಬರಲಿಲ್ಲ. ಬಾಳೆಹಣ್ಣು ಬರಲಿಲ್ಲ. ಹಸುವಿನ ಚಿತ್ರ ಬಂದಾಗ ನಾನು, ಮೇಷ್ಟ್ರು ಇಬ್ಬರೂ ಮುಂದಕ್ಕೆ ಬಾಗಿ ಕೂತೆವು. ಡಾಕ್ಟ್ರಮ್ಮ ಆ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ಹುಬ್ಬು ಗಂಟಿಕ್ಕಿ, "ಜರ್ಸಿ ಕ್ರಾಸ್" ಎಂದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಹುಡುಗಿಗೆ ಮಾತ್ರ ಇದಕ್ಕೆ ಸರಿ ಗುರುತು ಹಾಕಬೇಕೋ ತಪ್ಪು ಹಾಕಬೇಕೋ ತಿಳಿಯಲಿಲ್ಲ.

ಕಡೂರಿಗೆ ಕರೆತಂದ ಮೇಲೆ ನೋಡಲು ಬರುವವರು ಹೆಚ್ಚಾದರು. ಲಕ್ವಕ್ಕೆ ಅಲ್ಲಿ ಬೇರು ಕೊಡ್ತಾರೆ, ಇಲ್ಲಿ ಪಾರಿವಾಳದ ರಕ್ತ ಹಚ್ಚುತ್ತಾರೆ ಎಂದು ಹೇಳದವರಿಲ್ಲ. ಮೇಷ್ಟ್ರು ಎಲ್ಲರಿಗೂ ಕಾಫಿ ಕೊಟ್ಟು, ಯಾವುದಕ್ಕೂ ಹೂಂ ಎನ್ನದೆ ಕಳಿಸಿದರು. ಒಂದು ದಿನ ಶಿವನಿ ಕಡೆಯ ಆ ಹಿರಿಯರು ತುಪ್ಪದ ಡಬ್ಬಿ ಹಿಡಿದು ಬಂದರು. ಹೊಸ್ತಿಲ ಹೊರಗೇ ಕೂತು, "ನಮ್ಮೆಮ್ಮೆಯಿಂದ ಹಿಂಗಾತು ತಾಯಿ, ಮಾರಿಬಿಡ್ತೀನಿ ಅದುನ್ನ" ಎಂದು ಕಣ್ಣೊರೆಸಿಕೊಂಡರು. ಡಾಕ್ಟ್ರಮ್ಮ ಗೋಡೆ ಹಿಡಿದು ಬಾಗಿಲಿಗೆ ಬಂದರು. ಪದ ಹುಡುಕಿದರು.

"ಗಬ್ಬ... ಎಷ್ಟು ತಿಂಗಳು?"

ಐದು ಎಂದರು ಹಿರಿಯರು. ಹಾಗಾದರೆ ಮಾರಬಾರದು ಎಂದು ಕೈಯಲ್ಲೇ ಸನ್ನೆ ಮಾಡಿ, ಒಳಗೆ ಕರೆದು ಎಲೆ ಹಾಕಿಸಿದರು.

ಆರು ತಿಂಗಳಿಗೆ ಕೆಲಸಕ್ಕೆ ಬಂದರು. ಮತ್ತೆ ಮಾಡಿಸಿದ ಸ್ಕ್ಯಾನಿನಲ್ಲಿ ನಾಳ ಕೂಡಿಕೊಂಡಿತ್ತು. ಎಡ ರೆಪ್ಪೆ ಇಳಿದದ್ದು ಇಳಿದೇ ಉಳಿಯಿತು. ಬಲಗೈಗೆ ಶಕ್ತಿ ಬಂತು, ಬೆರಳ ತುದಿಯ ಸೂಕ್ಷ್ಮ ಬರಲಿಲ್ಲ. ಇದು ಸಣ್ಣ ತೊಂದರೆಯಲ್ಲ. ಬೆದೆಗೆ ಬಂದ ಹಸುವಿಗೆ ಗರ್ಭ ಕಟ್ಟಿಸುವಾಗ ಎಡಗೈ ಒಳಗಿದ್ದು ಗರ್ಭದ ಬಾಯನ್ನು ಹಿಡಿದಿರಬೇಕು, ಬಲಗೈ ಹೊರಗಿನಿಂದ ಉದ್ದನೆಯ ನಳಿಕೆಯನ್ನು ಅದರೊಳಕ್ಕೆ ನವಿರಾಗಿ ನಡೆಸಬೇಕು. ಬೇರೆಯವರಾಗಿದ್ದರೆ ಕಚೇರಿ ಕೆಲಸ ಕೇಳಿ ಹೋಗುತ್ತಿದ್ದರು. ಅವರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರು. ಅವರ ಎಡಗೈ ಒಳಗೆ, ನನ್ನ ಬಲಗೈ ಹೊರಗೆ. ಮೇಲೆ, ಕೆಳಗೆ, ತಡಿ, ಈಗ ಹೋಗು ಎಂದು ಅವರು ಹೇಳುತ್ತಿದ್ದರೆ ನಾನು ನಳಿಕೆ ನಡೆಸುತ್ತಿದ್ದೆ. ಮೊದಮೊದಲು ದನದವರು ಇದನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಹಸುಗಳು ಮೊದಲಿನ ಹಾಗೇ ಗಬ್ಬ ನಿಲ್ಲತೊಡಗಿದ ಮೇಲೆ ನಗು ನಿಂತಿತು.

ನನ್ನ ಮಾವನ ಮನೆಗೂ ಅವರೇ ಹೋದರು. ನನಗೆ ಹೇಳಿರಲಿಲ್ಲ. ಏನು ಮಾತಾಡಿದರೋ, ಮಾವ ಹೇಳಿದ್ದು ಇಷ್ಟೇ: "ಕಾಲು ಕೈ ನೋಡ್ತೀನಿ ಕಣೋ. ಕುತ್ತಿಗೆ ಮುಟ್ಟಲ್ಲ ಅಂತ ಮಾತು ಕೊಟ್ಟಿದೀನಿ ಆಯಮ್ಮಂಗೆ." ಆಮೇಲೆ ಕತ್ತು ಹಿಡಿದವರು ಯಾರು ಬಂದರೂ ಮಾವ ಅವರನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಡಾಕ್ಟ್ರಮ್ಮನಿಗೂ ಅದೇ ಚಾಳಿ. ಬಸ್ಸಿನಲ್ಲಿ ಪಕ್ಕದವರು ಕುತ್ತಿಗೆ ನೀವಿಕೊಂಡರೆ ಸಾಕು, ಕಣ್ಣು ತೋರಿಸಿ ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಅಂಥದ್ದು ಒಂದೂ ಸಿಗಲಿಲ್ಲ. ಸಿಗದಿದ್ದಕ್ಕೆ ಅವರಿಗೆ ಬೇಸರವೂ ಇರಲಿಲ್ಲ, ನೋಡುವುದನ್ನು ಬಿಡಲೂ ಇಲ್ಲ.

ಆಮೇಲೆ ದೇವನೂರು, ತರೀಕೆರೆ, ಕಡೆಗೆ ಕಡೂರು ಎಂದು ವರ್ಗವಾಗುತ್ತಾ ಹೋದರು. ನಾನೂ ಎರಡು ಕಡೆ ಅವರ ಕೈಕೆಳಗೇ ಇದ್ದೆ. ಈಗ ನನ್ನ ತಲೆಯೂ ನರೆತಿದೆ.

ಬೀಳ್ಕೊಡುಗೆ ಕಡೂರಿನಲ್ಲೇ ಇತ್ತು. ಅಧಿಕಾರಿಗಳು, ಹಾಲಿನ ಸಂಘದವರು, ಚಪ್ಪಲಿ ಹೊರಗೆ ಬಿಟ್ಟು ಬಂದ ರೈತರು ಸೇರಿ ಸಭಾಂಗಣ ತುಂಬಿತ್ತು. ಶಾಲು, ಹಾರ, ಭಾಷಣ ಎಲ್ಲ ಆದವು. ಕೊನೆಗೆ ಅವರನ್ನು ಮೈಕಿನ ಮುಂದೆ ಕರೆದರು. ಬಹಳ ಜನ ಒಟ್ಟಿಗೆ ನೋಡುವಾಗ ಅವರಿಗೆ ಈಗಲೂ ಪದ ಸಿಕ್ಕಿಕೊಳ್ಳುತ್ತದೆ. ಇಲಾಖೆಗೆ, ಜೊತೆಯವರಿಗೆ, ಮೇಷ್ಟ್ರಿಗೆ ವಂದಿಸಿದರು. "ಇಷ್ಟು ವರ್ಷ ದನಗಳ ಹತ್ರ ಇದ್ದು ನಾನು ಕಲಿತಿದ್ದು ಒಂದೇ..." ಎಂದು ನಿಂತರು.

ಪದ ಬರಲಿಲ್ಲ. ವೇದಿಕೆಯಲ್ಲಿದ್ದ ಅಧಿಕಾರಿಯೊಬ್ಬರು ಮೆಲ್ಲಗೆ, ತಾಳ್ಮೆ ಎಂದು ಎತ್ತಿಕೊಟ್ಟರು. ಅವರು ತಲೆಯಾಡಿಸಿದರು. ಮುಂದಿನ ಸಾಲಿನಿಂದ ಯಾರೋ ಪ್ರೀತಿ ಎಂದರು, ಇನ್ಯಾರೋ ಸೇವೆ ಎಂದರು. ಅವರು ಎಡಗೈಯ ಬೆರಳೊಂದನ್ನು ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಸಭೆ ಕಾಯಿತು. ಪಾಪ ಎನ್ನುವ ಮುಖಗಳು ಅಲ್ಲಲ್ಲಿ ಕಂಡವು. ಮೇಷ್ಟ್ರು ನಿಶ್ಚಿಂತರಾಗಿ ಮೇಲಿನ ಫ್ಯಾನು ನೋಡುತ್ತಾ ಕೂತಿದ್ದರು. ಡಾಕ್ಟ್ರಮ್ಮನ ಮುಖದಲ್ಲಿ ನಾಚಿಕೆಯಾಗಲಿ, ಅವಸರವಾಗಲಿ ಇರಲಿಲ್ಲ. ಕೊಟ್ಟಿಗೆಯಲ್ಲಿ ಕೈ ಒಳಗಿಟ್ಟು ಕರುವಿನ ಕಾಲು ತಡಕುವಾಗ ನಿಲ್ಲುತ್ತಿದ್ದರಲ್ಲ, ಹಾಗೇ ನಿಂತಿದ್ದರು.

"ಅನುಮಾನ ಪಡೋದು" ಎಂದರು. "ಅವು ಬಾಯಿಬಿಟ್ಟು ಹೇಳಲ್ಲವಲ್ಲ."

ಮಾತು ಮುಗಿಯಿತೆಂದು ಸಭೆಗೆ ಹೊಳೆದು ಚಪ್ಪಾಳೆ ಏಳುವಷ್ಟರಲ್ಲಿ ಅವರು ವೇದಿಕೆ ಇಳಿದು, ಮೊದಲ ಸಾಲಿನಲ್ಲಿ ಕುತ್ತಿಗೆ ನೀವಿಕೊಳ್ಳುತ್ತಿದ್ದ ಹಾಲಿನ ಸಂಘದ ಕಾರ್ಯದರ್ಶಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸುತ್ತಿದ್ದರು.